ಅಲಮೇಲು ಟೀಚರ ಜೀಪಿಗೆ ಒಂದು ಕಲ್ಲು

ಕಣ್ಣು ಮುಚ್ಚಿದರೆ ಸಾಕು, ಜೀಪು ಹಿಂದಕ್ಕೆ ಉರುಳುವುದೇ ಗೋದಾಗೆ ಕಾಣುತ್ತಿತ್ತು. ಜೋರಾಗಿಯೇನಲ್ಲ. ನಿಧಾನವಾಗಿ, ಮನೆಗೆ ಬಂದ ನೆಂಟರು ಹೇಳದೆ ಕೇಳದೆ ಎದ್ದು ಹೊರಟ ಹಾಗೆ. ಹಿಂದಿನ ಸೀಟಿನಲ್ಲಿ ಮಗಳು ವೈಜು ಕೈ ಬೀಸುತ್ತಿದ್ದಳು, ಅಮ್ಮನಿಗೆ ಟಾಟಾ ಮಾಡುವ ಹೊತ್ತು ಬಂತೆಂದು. ಒಗ್ಗರಣೆಗೆ ಸಾಸಿವೆ ಹಾಕುವಾಗ, ನಲ್ಲಿಯ ಮುಂದೆ ಬಿಂದಿಗೆ ಇಟ್ಟು ಕಾಯುವಾಗ, ಬಸ್ಸಿನಲ್ಲಿ ಕೂತಾಗ, ಎಲ್ಲೆಂದರಲ್ಲಿ ಅದೇ ಚಿತ್ರ.

ಅವಳ ಗಂಡ ಬದರೀನಾಥ ನಗುತ್ತಿದ್ದ. “ಆಗಿದ್ದು ಆಗೋಯ್ತಲ್ಲೇ. ಒಂದು ಮಗೂಗೂ ಗೀರು ಕೂಡ ಬಿದ್ದಿಲ್ಲ. ನೀನು ಮಾತ್ರ ಇನ್ನೂ ಉರುಳ್ತಾನೇ ಇದೀಯ.”

ಅವನಿಗೇನು ಗೊತ್ತು. ಬಸವನಗುಡಿಯಲ್ಲಿ ಹುಟ್ಟಿ, ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಮತ್ತಿಕೆರೆಯ ಬಾಡಿಗೆ ಮನೆಗೆ ಬಂದ ಗೋದಾಗೆ ಮೊದಲಿಂದಲೂ ಆ ಇಳಿಜಾರು ಬೀದಿಯ ಮೇಲೆ ಅನುಮಾನ. ಬೀದಿಯ ತುದಿಯಲ್ಲಿ ಚೆಂಡು ಬಿಟ್ಟರೆ ಅದು ಕೆಳಗಿನ ಮುನಿಶಾಮಪ್ಪನ ಕೊಟ್ಟಿಗೆಗೆ ಹೋಗಿಯೇ ನಿಲ್ಲುತ್ತಿತ್ತು. ಅಂಥ ಬೀದಿಗೆ ದಿನಾ ಬೆಳಿಗ್ಗೆ ಅಲಮೇಲು ಟೀಚರ ಜೀಪು ಬರುತ್ತಿತ್ತು, ಹ್ಯಾಂಡ್‌ಬ್ರೇಕಿಲ್ಲದೆ.

ಅಲಮೇಲು ಟೀಚರ್ ಎಂದರೆ ಹೆಬ್ಬಾಳದ ಕಡೆ ಆಗ ಗೊತ್ತಿಲ್ಲದವರಿರಲಿಲ್ಲ. ಅವರ ತಂದೆ ಗುಂಡಣ್ಣನವರು ಕೃಷಿ ಇಲಾಖೆಯಲ್ಲಿ ಓವರ್ಸಿಯರಾಗಿದ್ದವರು. ಹೊಲಗದ್ದೆ ಸುತ್ತಲಿಕ್ಕೆ ಬೇಕೆಂದು ಮಿಲಿಟರಿಯವರ ಹರಾಜಿನಲ್ಲಿ ಒಂದು ಹಳೇ ಜೀಪು ತಂದರು. ಯಾವ ಯುದ್ಧ ನೋಡಿತ್ತೋ, ಬಾನೆಟ್ಟಿನ ಮೇಲೆ ಬಿಳಿ ಅಂಕಿಗಳಿದ್ದವು, ಎಷ್ಟು ಸಲ ಹಸಿರು ಬಣ್ಣ ಹೊಡೆದರೂ ಮಳೆಗಾಲದಲ್ಲಿ ಮೇಲೆದ್ದು ಕಾಣುತ್ತಿದ್ದವು. ಬೇಸಿಗೆಯಲ್ಲಿ ಹೆಬ್ಬಾಳದ ಕೆರೆಯಂಗಳ ಒಣಗಿ ಬಿರಿದಾಗ ಗುಂಡಣ್ಣನವರು ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಸ್ಟಿಯರಿಂಗ್ ಕೈಗೆ ಕೊಟ್ಟರು. ಗುದ್ದಲಿಕ್ಕೆ ಒಂದು ಮರವೂ ಇಲ್ಲದ ಜಾಗ. ಆದರೂ ಅಲಮೇಲು ಮೊದಲ ದಿನವೇ ಯಾರದೋ ಎಮ್ಮೆಯನ್ನು ಅರ್ಧ ಕೆರೆ ಓಡಿಸಿದ್ದರಂತೆ. “ಎಮ್ಮೆ ತಪ್ಪು ಕಣೇ,” ಎಂದು ಗೋದಾಗೆ ಹೇಳುತ್ತಿದ್ದರು. “ನಾನು ನೆಟ್ಟಗೇ ಹೋಗ್ತಿದ್ದೆ. ಅದೇ ನನ್ನ ಮುಂದೆ ಮುಂದೆ ಓಡ್ತು.”

ತಂದೆ ತೀರಿಹೋದ ಮೇಲೆ ಜೀಪನ್ನು ಮಾರಿಬಿಡು ಎಂದವರೇ ಎಲ್ಲ. ಮದುವೆಯಾಗದ ಹೆಂಗಸಿಗೆ ಜೀಪು ಯಾಕೆ? ಅಲಮೇಲು ಮನೆಯ ಮುಂದಿನ ಹಾಲಿನಲ್ಲಿ ಚಾಪೆ ಹಾಸಿ ಶಿಶುವಿಹಾರ ತೆರೆದರು. ಎಪ್ಪತ್ತೈದನೇ ಇಸವಿಯ ಮಾತು. ಸುತ್ತ ಹೊಲ, ದ್ರಾಕ್ಷಿ ತೋಟ, ಮನೆಗಳಿದ್ದದ್ದು ದೂರದೂರದಲ್ಲಿ. ಮಕ್ಕಳು ಬರಬೇಕಲ್ಲ? ಮಕ್ಕಳಿದ್ದ ಕಡೆಗೆ ಜೀಪು ಹೊರಟಿತು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ತಂದೆಯ ಹಳೇ ಮಫ್ಲರ್ ಸುತ್ತಿ ಅವರು ಗೊರಗುಂಟೆಪಾಳ್ಯದ ಕಡೆ ಹೋದರೆ ತುಮಕೂರು ರಸ್ತೆಯ ಲಾರಿಯವರು ಹಾರನ್ ಹೊಡೆಯುವುದನ್ನೇ ಮರೆತು ನೋಡುತ್ತಿದ್ದರು.

ಆ ಗಾಡಿಯ ಯೋಗಕ್ಷೇಮ ಒಂದು ಸಂಸಾರದಷ್ಟಿತ್ತು. ಭಾನುವಾರ ಬಂತೆಂದರೆ ಟೀಚರ್ ಗೋಣಿಚೀಲ ಹಾಸಿಕೊಂಡು ಅದರಡಿಗೆ ತೂರುವರು, ಗ್ರೀಸು ತುಂಬುವರು. ನಿಂತ ಕಡೆಯೆಲ್ಲ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅದಕ್ಕೆಂದೇ ಒಂದು ಹಳೇ ದೋಸೆಕಾವಲಿ. ಎರಡನೇ ಗೇರು ತಾನಾಗಿ ಕಳಚಿಕೊಳ್ಳುತ್ತಿದ್ದರಿಂದ ಏರಿನುದ್ದಕ್ಕೂ ಎಡಗೈಯಲ್ಲಿ ಅದರ ಹಿಡಿಯನ್ನು ಅದುಮಿ ಹಿಡಿದು, ಬಲಗೈ ಒಂದರಲ್ಲೇ ಸ್ಟಿಯರಿಂಗ್ ತಿರುಗಿಸಿ, ಬಾಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಒಂದು ರಾಮನವಮಿಯ ದಿನ ದೇವಸ್ಥಾನದಿಂದ ಪಾನಕದ ಕೊಳದಪ್ಪಲೆ ಹೇರಿಕೊಂಡು ಬರುವಾಗ ರೇಡಿಯೇಟರು ಕುದಿದು ಉಗುಳತೊಡಗಿತು. ಹತ್ತಿರದಲ್ಲಿ ಬಾವಿಯಿಲ್ಲ, ನಲ್ಲಿಯಿಲ್ಲ. ಟೀಚರ್ ಸ್ವಲ್ಪ ಹೊತ್ತು ಯೋಚಿಸಿದರು, ಆಮೇಲೆ ಪಾನಕವನ್ನೇ ಹೊಯ್ದರು. ಮನೆ ಮುಟ್ಟುವವರೆಗೆ ಬೆಲ್ಲ, ಏಲಕ್ಕಿ ಕಾದ ಘಮಲು. ದಾರಿಯಲ್ಲಿ ಎದುರಾದವರೆಲ್ಲ ಯಾರ ಮನೆ ಮದುವೆ ಎಂದು ಕೇಳಿದರಂತೆ. ಆಮೇಲೆ ಯಶವಂತಪುರದ ಮೆಕ್ಯಾನಿಕ್ ಮಂಜೂರ್ ರೇಡಿಯೇಟರ್ ಬಿಚ್ಚಿ, ಒಳಗೆ ಗಟ್ಟಿಯಾಗಿ ಕೂತಿದ್ದ ಪಾಕವನ್ನು ತಂತಿಯಿಂದ ಕೆರೆಯುತ್ತ, “ಟೀಚರಮ್ಮ, ಮುಂದಿನ ಸಲ ಕೋಸಂಬರೀನೂ ಹಾಕಿ, ಪೂರಾ ಪ್ರಸಾದ ಆಯ್ತದೆ,” ಎಂದನಂತೆ. ಇದನ್ನು ಟೀಚರ್ ತಾವೇ ಎಲ್ಲರಿಗೂ ಹೇಳಿ ನಗುತ್ತಿದ್ದರು.

ಹ್ಯಾಂಡ್‌ಬ್ರೇಕಿನ ಸಂಗತಿಯನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅದು ಕೆಟ್ಟು ಎಷ್ಟೋ ಕಾಲವಾಗಿತ್ತು. ಗೇರಿನಲ್ಲಿ ನಿಲ್ಲಿಸೋಣವೆಂದರೆ ಇಂಜಿನ್ ಆರಿಸಬೇಕು. ಆರಿಸಿದರೆ ಬ್ಯಾಟರಿಯಲ್ಲಿ ಜೀವವಿಲ್ಲ, ಮತ್ತೆ ಮೂತಿಗೆ ಸರಳು ಹಾಕಿ ತಿರುಗಿಸಿ ಚಾಲೂ ಮಾಡಬೇಕು. ಹಾಗಾಗಿ ಇಳಿಜಾರಿನ ಮನೆಗಳವರು ತಾವೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಮಗುವನ್ನು ಶಿಶುವಿಹಾರಕ್ಕೆ ಸೇರಿಸಿದ ಮನೆಯ ಗೇಟಿನ ಪಕ್ಕ ಒಂದು ದಪ್ಪ ಕಲ್ಲು. ಜೀಪು ಬಂದು ನಿಂತು ಟೀಚರ್ ಕಾಲುಬ್ರೇಕು ಒತ್ತಿ ಹಿಡಿದಾಗ ತಾಯಿ ಹೋಗಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಆಮೇಲೆ ಟೀಚರ್ ಇಳಿದು ಮಗುವನ್ನು ಎತ್ತಿ ಕೂರಿಸುತ್ತಾರೆ. ಹೊಸಬರು ಬಂದರೆ ಬೀದಿಯವರು ಗೇಟು ನೋಡಿಯೇ ಹೇಳುತ್ತಿದ್ದರು: “ಕಲ್ಲೈತಲ್ಲ, ಈ ಮನೇಲಿ ಮಗು ಐತೆ.” ಗೋದಾ ಬಂದ ಹೊಸತರಲ್ಲಿ ಬೆರಗಾಗಿದ್ದಳು. ಬ್ರೇಕು ಮಾಡಿಸಿ ಎಂದು ಯಾಕೆ ಯಾರೂ ಕೇಳುವುದಿಲ್ಲ? ಕೇಳಿದರೆ ಎದುರುಮನೆಯಾಕೆ ಕೆನ್ನೆ ಕೆನ್ನೆ ಬಡಿದುಕೊಂಡಿದ್ದಳು. “ಟೀಚರಿಗೆ ನಾವು ಹಂಗೆಲ್ಲ ಹೇಳೋದುಂಟೇನ್ರೀ? ಪಾಪ, ಮನಸ್ಸಿಗೆ ನೋವಾಗಲ್ವಾ?” ವೈಜುವನ್ನು ಸೇರಿಸಿದಾಗ ಗೋದಾ ತಾನೂ ಒಂದು ಕಲ್ಲು ಹುಡುಕಿ ತಂದಳು, ಎಲ್ಲರದಕ್ಕಿಂತ ದೊಡ್ಡದು.

ಎಂಬತ್ಮೂರರ ಆಯುಧಪೂಜೆಯ ದಿನ ಮನೆಯ ಕತ್ತರಿ, ಈಳಿಗೆಮಣೆ, ಹೊಲಿಗೆ ಯಂತ್ರ, ಬದರೀನಾಥನ ಸ್ಕೂಟರ್ ಎಲ್ಲಕ್ಕೂ ಕುಂಕುಮವಿಟ್ಟಾದ ಮೇಲೆ ಗೋದಾಗೆ ಗೇಟಿನ ಕಲ್ಲು ನೆನಪಾಯಿತು. ಮಗಳನ್ನು ದಿನವೂ ಕಾಯುವುದು ಅದೇ ತಾನೆ? ತೊಳೆದು, ಅರಿಶಿನ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಇಟ್ಟಳು. ಮಾರನೆಯ ದಿನ ವಿಜಯದಶಮಿ, ರಜ. ಅಷ್ಟರಲ್ಲಿ ದಾರಿಹೋಕರು ಇನ್ನಷ್ಟು ಹೂವಿಟ್ಟಿದ್ದರು. ಕೆಲಸದ ಈರವ್ವ ಊದುಬತ್ತಿ ಸಿಕ್ಕಿಸಿದ್ದಳು.

ಶಾಲೆ ತೆರೆದ ಬೆಳಿಗ್ಗೆ ಜೀಪು ಬಂತು. ಗೋದಾ ಬಗ್ಗಿ ಕಲ್ಲಿಗೆ ಕೈ ಹಾಕಿದಳು. ಅಂಗಳ ಗುಡಿಸುತ್ತಿದ್ದ ಈರವ್ವ ಪೊರಕೆ ಬಿಸಾಡಿ ಕೂಗಿದಳು:

“ಅಯ್ಯೋ ಅಮ್ಮಾ! ದೇವ್ರನ್ ತಗೊಂಡೋಗಿ ಗಾಲಿ ಕೆಳಗಾಕ್ತೀರಾ? ಕಣ್ ಓಗ್ತವೆ!”

ಗೋದಾಳ ಕೈ ತಟ್ಟನೆ ಹಿಂದಕ್ಕೆ ಬಂತು. ಓದಿದವಳು, ಇದೆಲ್ಲ ನಂಬುವವಳಲ್ಲ ಎಂದುಕೊಂಡಿದ್ದವಳು. ಆದರೆ ಕುಂಕುಮ ತಾನೇ ಹಚ್ಚಿದ್ದು. ಬೇರೆ ಏನಾದರೂ ಸಿಗುತ್ತದೇನೋ ಎಂದು ಎದ್ದುನಿಂತು ಅತ್ತಿತ್ತ ನೋಡಿದಳು. ಅವಳು ಎದ್ದದ್ದನ್ನು ಕಂಡ ಟೀಚರ್, ದಿನದ ಅಭ್ಯಾಸದಂತೆ, ಕಲ್ಲು ಬಿತ್ತೆಂದು ತಿಳಿದು ಕಾಲು ತೆಗೆದು ಇಳಿದರು. ಚಕ್ರ ಮೋರಿಯ ಚಪ್ಪಡಿಯಂಚಿಗೆ ತಾಗಿ ಸ್ವಲ್ಪ ಹೊತ್ತು ನಿಂತಿತ್ತು. ಗೋದಾ ಇತ್ತ ಬೆನ್ನು ಮಾಡಿ ಇನ್ನೊಂದು ಕಲ್ಲು ಹುಡುಕುತ್ತಿರುವಾಗಲೇ ಟೀಚರ್ ವೈಜುವನ್ನು ಎತ್ತಿ ಕೂರಿಸಿ, ಹಿಂದಿನ ಹಲಗೆಯ ಚಿಲಕ ಹಾಕಿದರು. ಆ ಅಲುಗಾಟಕ್ಕೆ ಅಂಚು ತಪ್ಪಿತು.

ಜೀಪು ಹಿಂದಕ್ಕೆ ಉರುಳತೊಡಗಿತು. ಐವತ್ತರ ಹತ್ತಿರದ ಅಲಮೇಲು ಟೀಚರ್ ಪಕ್ಕಕ್ಕೆ ಹಾರಿ, ಸೀರೆ ಎತ್ತಿಕಟ್ಟಿ ಜೀಪಿನ ಜೊತೆ ಓಡಿದರು. ಬಾಗಿಲಿಲ್ಲದ ಜೀಪು, ಕಬ್ಬಿಣದ ಹಿಡಿಕೆ ಹಿಡಿದು ಒಂದು ಕಾಲು ಒಳಗಿಟ್ಟು ಸೀಟಿಗೆ ಬಿದ್ದರು. ಬ್ರೇಕು ಮೊದಲ ಒತ್ತಿಗೆ ಹಿಡಿಯಲಿಲ್ಲ, ಎರಡನೆಯದಕ್ಕೂ ಇಲ್ಲ. ಅದು ಹಿಡಿಯುವಷ್ಟರಲ್ಲಿ ಜೀಪು ಮುನಿಶಾಮಪ್ಪನ ರಾಗಿಹುಲ್ಲಿನ ಬಣವೆಯೊಳಗೆ ಅರ್ಧ ಹುದುಗಿಹೋಗಿತ್ತು.

ಗೋದಾ ಚಪ್ಪಲಿಯಿಲ್ಲದೆ ಓಡಿ ಹೋದಾಗ ಮಕ್ಕಳ ಮೈತುಂಬ ಹುಲ್ಲು. ವೈಜು ಕಿರುಚುತ್ತಿದ್ದಳು. ಅಳುವಲ್ಲ, ಸಂತೋಷ. “ಟೀಚರ್, ಇನ್ನೊಂದ್ಸಲ! ಇನ್ನೊಂದ್ಸಲ!”

ಮುನಿಶಾಮಪ್ಪ ಹಲ್ಲುಜ್ಜುತ್ತಿದ್ದವನು ಬೇವಿನಕಡ್ಡಿಯನ್ನು ಬಾಯಿಂದ ತೆಗೆದು ನೋಡಿದ. “ಏನವ್ವಾ ಟೀಚ್ರಮ್ಮ, ಪೆಟ್ರೋಲ್ ಸಾಕಾಗ್ಲಿಲ್ವಾ? ಉಲ್ಲು ಮೇಯಕ್ ಬಂತಾ ನಿನ್ ಗಾಡಿ?”

ಟೀಚರ್ ಒಂದೊಂದೇ ಮಗುವಿನ ತಲೆ, ಕೈಕಾಲು ಮುಟ್ಟಿ ನೋಡಿ ಕೆಳಗಿಳಿಸಿದರು. ಆಮೇಲೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಿಡ್ಡ ಸಲಾಕೆಯನ್ನು ಎಳೆದರು. ಜೀಪು ಗೊಬ್ಬರದ ಕೆಸರನ್ನು ಉಗುಳುತ್ತ, ತಾನಾಗಿ ಎದ್ದು ಬಂತು. ಅದನ್ನು ನೋಡಿ ಬೀದಿಯವರೆಲ್ಲ ಚಪ್ಪಾಳೆ ಹೊಡೆದರು.

ಅಂದು ಸಾಯಂಕಾಲ ಅಲಮೇಲು ಟೀಚರ್ ನಡೆದುಕೊಂಡೇ ಪ್ರತಿ ಮನೆಗೂ ಬಂದರು. “ಕಲ್ಲು ಇಟ್ಟೆಯಾ ಅಂತ ನಾನು ಬಾಯಿಬಿಟ್ಟು ಕೇಳ್ಬೇಕಿತ್ತು,” ಎಂದರು ಗೋದಾಗೆ. ಕಾಫಿ ಕುಡಿಯದೆ ಹೋದರು.

ಮರುದಿನದಿಂದ ಗೋದಾ ಮಗಳಿಗೆ ಶೀತ ಎಂದಳು. ಆಮೇಲೆ ಕೆಮ್ಮು ಎಂದಳು. ವೈಜು ದಿನಾ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಗೇಟು ಹತ್ತಿ ಕೂರುತ್ತಿದ್ದಳು, ಕೆಮ್ಮಿಲ್ಲದೆ. ಜೀಪು ಅವರ ಮನೆಯ ಮುಂದೆ ನಿಲ್ಲದೆ ಹೋಗುತ್ತಿತ್ತು. ಉಳಿದ ತಾಯಂದಿರ ಕಣ್ಣೆಲ್ಲ ಗೋದಾಳ ಮೇಲೆಯೇ. ಆಕೆ ಬಿಡಿಸಿದರೆ ತಾವೂ ಬಿಡಿಸುವುದೆಂದು. ಸಹಕಾರನಗರದ ಕಡೆ ಹೊಸದಾಗಿ ತೆರೆದ ಇಂಗ್ಲಿಷ್ ಶಾಲೆಯೊಂದರ ಹಳದಿ ಬಸ್ಸು ಬೀದಿಯ ತುದಿಯವರೆಗೂ ಬರಲು ಶುರುವಾಗಿತ್ತು.

“ಬಸ್ಸಿಗೆ ಹಾಕು, ಮುಗೀತು,” ಎಂದ ಬದರೀನಾಥ. “ಅಲ್ಲಿ ಡ್ರೈವರ್ ಬೇರೆ, ಟೀಚರ್ ಬೇರೆ.”

ಶನಿವಾರ ಅವನು ಸ್ಕೂಟರಿನ ಕ್ಲಚ್ ತಂತಿ ಹಾಕಿಸಲು ಮಂಜೂರನ ಗ್ಯಾರೇಜಿಗೆ ಹೋದಾಗ ಗೋದಾ ಹಿಂದೆ ಕೂತು ಹೋದಳು. ಗಂಡ ಬೀಡಾ ಅಂಗಡಿಯ ಕಡೆ ಹೋದದ್ದೇ, ಕೇಳಿಬಿಟ್ಟಳು: “ಟೀಚರ ಜೀಪಿನ ಹ್ಯಾಂಡ್‌ಬ್ರೇಕು ರಿಪೇರಿ ಆಗೋದೇ ಇಲ್ವಾ?”

ಮಂಜೂರ್ ಸ್ಪ್ಯಾನರ್ ಕೆಳಗಿಟ್ಟ. “ಯಾಕಾಗಲ್ಲಮ್ಮ? ಗೇರ್‌ಬಾಕ್ಸ್ ಹಿಂದೆ ಅದರ ಡ್ರಮ್ ಐತೆ. ಎಣ್ಣೆ ಸೋರಿ ಸೋರಿ ಒಳಗೆಲ್ಲ ಬೆಣ್ಣೆ ಆಗೋಗೈತೆ. ಪೂರಾ ಇಳಿಸ್ಬೇಕು, ಹಳೇ ಸಾಮಾನು ಹುಡುಕ್ಬೇಕು. ಒಂದು ತಿಂಗಳು ಗಾಡಿ ನನ್ನತ್ರ ಬಿಡಿ ಅಂದ್ರೆ ಟೀಚರಮ್ಮ ಬಿಡಲ್ಲ. ತಿಂಗಳು ಗಾಡಿ ನಿಂತ್ರೆ ಮಕ್ಕಳೆಲ್ಲ ಬೇರೆ ಕಡೆ ಹೋಗ್ತಾರೆ, ಆಮೇಲೆ ಗಾಡಿ ತಗೊಂಡು ನಾನೇನ್ ಮಾಡ್ಲಿ ಮಂಜೂರ್ ಅಂತಾರೆ.”

“ಮಾಡಿಸಿ ಅಂತ ಯಾರೂ ಹೇಳಿಲ್ವಾ ಅವರಿಗೆ?”

“ಯಾರ್ ಹೇಳ್ತಾರಮ್ಮ? ನೀವೆಲ್ಲ ಕಲ್ಲು ಇಟ್ಕೊಂಡಿದೀರಲ್ಲ!”

ಮನೆಗೆ ಬರುವ ದಾರಿಯುದ್ದಕ್ಕೂ ಗೋದಾ ಲೆಕ್ಕ ಹಾಕಿದಳು. ವೈಜುವನ್ನು ಬಸ್ಸಿಗೆ ಹಾಕಿದರೆ ತನ್ನ ಭಯ ತೀರುತ್ತದೆ, ಸರಿ. ಎದುರುಮನೆಯ ಮಗು? ಮುನಿಶಾಮಪ್ಪನ ಮೊಮ್ಮಗ? ಅವರು ಸೋಮವಾರವೂ ಕಲ್ಲು ಹಿಡಿದು ನಿಲ್ಲುತ್ತಾರೆ, ಮರ್ಯಾದೆಯಿಂದ. ಅಥವಾ ಎಲ್ಲರೂ ಬಿಡಿಸುತ್ತಾರೆ. ಟೀಚರ್ ತಮ್ಮ ಹಾಲಿನ ಚಾಪೆಗಳನ್ನು ಸುತ್ತಿ ಮೂಲೆಗಿಡುತ್ತಾರೆ. ಎರಡೂ ಅವಳಿಗೆ ಬೇಡವಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಚಿಕ್ಕಮಾರಯ್ಯನ ದಿನಸಿ ಅಂಗಡಿಗೆ ಹೋದಳು. ಬೀದಿಗೆಲ್ಲ ಅದೊಂದೇ ಫೋನು, ಅವರೆಕಾಳಿನ ಮೂಟೆಯ ಪಕ್ಕ. ಟೀಚರ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದವರ ನಂಬರಿಗೆ ಮಾಡಿ, ಕರೆಯಿರಿ ಎನ್ನಬೇಕು. ಕರೆಯುತ್ತೇವೆ ಎಂದು ಅವರು ಫೋನನ್ನು ಮೇಜಿನ ಮೇಲಿಟ್ಟು ಹೋದರು. ಆಚೆ ಕಡೆ ಯಾರದೋ ರೇಡಿಯೋ, ಕುಕ್ಕರಿನ ಕೂಗು. ಇಟ್ಟುಬಿಡಲೇ ಎಂದು ಗೋದಾ ಎರಡು ಸಲ ಕೈ ಕೆಳಗೆ ಮಾಡಿದಳು. ಚಿಕ್ಕಮಾರಯ್ಯ ಬೆಲ್ಲ ತೂಗುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದ.

“ಯಾರು? ಗೋದಾನಾ? ವೈಜು ಹೇಗಿದಾಳೆ?” ಟೀಚರಿಗೆ ಏದುಸಿರು. ಓಡಿ ಬಂದಿದ್ದರು.

“ಟೀಚರ್, ವೈಜೂಗೆ ಶೀತ ಇಲ್ಲ. ನಾನು ಸುಳ್ಳು ಹೇಳ್ದೆ. ಹ್ಯಾಂಡ್‌ಬ್ರೇಕ್ ರಿಪೇರಿ ಆಗೋವರೆಗೂ ನಾನವಳನ್ನ ಜೀಪಲ್ಲಿ ಕಳಿಸಲ್ಲ.”

ಆ ಕಡೆ ಕುಕ್ಕರು ಮತ್ತೆ ಕೂಗಿತು.

“ಕೇಳಿಸ್ತಾ ಟೀಚರ್?”

“ಕೇಳಿಸ್ತು ಕಣಮ್ಮ.” ಎಂದರು ಟೀಚರ್. “ಇಷ್ಟು ವರ್ಷದಲ್ಲಿ ಯಾರೂ ಬಾಯ್ಬಿಟ್ಟು ಹೇಳಿರ್ಲಿಲ್ಲ. ಸರಿ. ಬಸ್ಸಿಗೆ ಸೇರಿಸ್ತೀಯಲ್ಲ, ಒಳ್ಳೇ ಶಾಲೆ ಅಂತಾರೆ.”

“ಬಸ್ಸಿಗೆ ಯಾರು ಸೇರಿಸ್ತಾರೆ ಅಂದ್ರು?” ಗೋದಾಳ ಸ್ವರ ಏರಿತು, ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. “ಸೋಮವಾರ ಜೀಪು ಮಂಜೂರ್ ಹತ್ರ ಬಿಡಿ. ನೀವು ಸಿಟಿ ಬಸ್ಸಲ್ಲಿ ಮತ್ತಿಕೆರೆಗೆ ಬನ್ನಿ. ಜೀಪು ರೆಡಿಯಾಗೋ ತನಕ ಶಿಶುವಿಹಾರ ನಮ್ಮ ಮನೆ ಹಾಲಲ್ಲಿ. ಈ ಬೀದಿ ಮಕ್ಕಳೆಲ್ಲ ನಡೆದೇ ಬರ್ತಾರೆ, ದೂರದವರನ್ನ ನಾನು ಹೋಗಿ ಕರ್ಕೊಂಡ್ ಬರ್ತೀನಿ.”

“ಬದರೀನಾಥನ್ನ ಕೇಳಿದ್ಯಾ?”

“ಇಲ್ಲ.”

“ಮಕ್ಕಳು ಗೋಡೆಯೆಲ್ಲ ಗೀಚ್ತವೆ ಗೋದಾ. ಬಾಡಿಗೆ ಮನೆ.”

“ಗೀಚ್ಲಿ, ಟೀಚರ್. ಬಳಪ ತಾನೇ.”

ಫೋನಿನಲ್ಲಿ ಮೂಗು ಏರಿಸಿದ ಸದ್ದಾಯಿತು. ಆಮೇಲೆ ಅಲಮೇಲು ಟೀಚರ್ ತರಗತಿಯಲ್ಲಿ ಮಾತಾಡುವ ಗಟ್ಟಿ ದನಿಯಲ್ಲಿ ಕೇಳಿದರು: “ನಿಮ್ಮನೇ ಕಡೆ ಹೋಗೋ ಬಸ್ಸು ಬೆಳಿಗ್ಗೆ ಎಷ್ಟು ಹೊತ್ತಿಗೆ? ಬಸ್ಸು ಹತ್ತಿ ಎಷ್ಟೋ ಕಾಲ ಆಯ್ತು, ನನಗೇನೂ ಗೊತ್ತಿಲ್ಲ ಕಣೇ.”