ಹದಿನೇಳನೆಯ ಸಾಲಿನ ಕಾಣದ ಅಕ್ಷರ

ಕೆಂಪು ಗೆರೆ ಎಳೆಯುವುದು ಎಷ್ಟು ಸುಲಭವೋ, ಎಳೆಸಿಕೊಳ್ಳುವುದು ಅಷ್ಟೇ ಕಷ್ಟ. ಬಬಲೇಶ್ವರದ ಪ್ರೌಢಶಾಲೆಯಲ್ಲಿ ವರ್ಷಾನುಗಟ್ಟಲೆ ಮಕ್ಕಳ ಲೆಕ್ಕಗಳನ್ನು ನಿರ್ದಾಕ್ಷಿಣ್ಯವಾಗಿ ಗೀಚಿದ ನನ್ನ ಮೇಲೆ, ಅವರೆಲ್ಲರ ಪರವಾಗಿ ಒಂದು ಕಂಪ್ಯೂಟರು ಸೇಡು ತೀರಿಸಿಕೊಂಡಿತು.

ನಮ್ಮ ಕನ್ನಡ ಶಿಕ್ಷಕಿ, ತಿಕೋಟಾದ ಶಾಂತಕ್ಕೋರು, ನಿವೃತ್ತರಾಗುವವರಿದ್ದರು. ಬಸ್ಸಿನಲ್ಲಿ, ಸಂತೆಯಲ್ಲಿ ಹಿರಿಯ ಹೆಂಗಸರ ಬಾಯಿಂದ ಕೇಳಿದ ಮಾತುಗಳನ್ನು ಅವರು ಬರೆದಿಟ್ಟ ನೋಟ್‌ಬುಕ್ಕುಗಳು ಶಾಲೆಯ ಗ್ರಂಥಾಲಯದಲ್ಲಿದ್ದವು. ಅವನ್ನೇ ಪುಟ್ಟ ಪದಕೋಶವಾಗಿಸಿ ಬೀಳ್ಕೊಡುಗೆಯ ದಿನ ಅವರ ಕೈಗಿಡಬೇಕೆಂದು ನಾವು ಸಹೋದ್ಯೋಗಿಗಳು ಗುಟ್ಟಾಗಿ ನಿಶ್ಚಯಿಸಿದೆವು. ಪದಗಳನ್ನು ಎಲ್ಲರೂ ಹಂಚಿಕೊಂಡು ಟೈಪು ಮಾಡಿದರು. ಅವನ್ನು ಅಕಾರಾದಿಯಾಗಿ ಜೋಡಿಸುವ ಸ್ಕ್ರಿಪ್ಟ್ ಬರೆಯುವ ಹೊಣೆಯನ್ನು ನಾನು ಮೈಮೇಲೆ ಎಳೆದುಕೊಂಡೆ. ಸ್ಕ್ರಿಪ್ಟ್ ಎಂದರೆ ನಾಟಕದ್ದಲ್ಲ, ಕಂಪ್ಯೂಟರಿಗೆ ಸಾಲುಸಾಲಾಗಿ ಬರೆದುಕೊಡುವ ಸೂಚನೆಗಳು. ನಾಟಕ ಶುರುವಾದದ್ದು ಆಮೇಲೆ.

ಬೀಳ್ಕೊಡುಗೆಯ ಮುನ್ನಾದಿನ ಪುಸ್ತಕ ಅಚ್ಚುಹಾಕಬೇಕಿದ್ದ ಗಾಂಧಿ ಚೌಕದ ಪ್ರೆಸ್ಸಿನವರು ಫೋನು ಮಾಡಿ, “ಮಧ್ಯಾಹ್ನದೊಳಗ ಕಳಸ್ರಿ ಸರ, ಇಲ್ಲಂದ್ರ ನಾಳಿಗಿ ಆಗಂಗಿಲ್ಲ” ಎಂದರು. ಸ್ಕ್ರಿಪ್ಟ್ ಬರೆಯುವ ಎಡಿಟರಿನಲ್ಲಿ ನೋಡಿದರೆ ಹದಿನೇಳನೆಯ ಸಾಲಿನಡಿ ಕೆಂಪು ಗೆರೆ. ಆವರಣಚಿಹ್ನೆಗಳನ್ನು ಎಣಿಸಿದೆ, ಎಡಿಟರನ್ನು ಮುಚ್ಚಿ ತೆರೆದೆ, ಕೊನೆಗೆ ಕನ್ನಡಕವನ್ನೂ ಒರೆಸಿದೆ. ‘ಅಕ್ರಮ ಅಕ್ಷರ’ವೆಂದು ಅದರ ದೂರು; ನನ್ನ ಕಣ್ಣಿಗೆ ಸಕಲವೂ ಸಕ್ರಮ.

ಅಷ್ಟರಲ್ಲಿ ಶಾಂತಕ್ಕೋರೇ ಶಾಲೆಯ ಕಂಪ್ಯೂಟರ್ ಕೋಣೆಯೊಳಗೆ ಬಂದರು. “ಯಾಕ್ರಿ ಸರ, ಮಾರಿ ಸಣ್ಣದು ಮಾಡ್ಕೊಂಡು ಕುಂತೀರಿ?”

ಪರದೆಯ ಮೇಲಿದ್ದದ್ದು ಬರೀ ಇಂಗ್ಲಿಷ್ ಸೂಚನೆಗಳು. ಗುಟ್ಟಿಗೆ ಅಪಾಯವಿಲ್ಲವೆಂಬ ಧೈರ್ಯದಿಂದ ನನ್ನ ಕಷ್ಟ ತೋಡಿಕೊಂಡೆ. ಜೀವಮಾನವಿಡೀ ಕರಡು ತಿದ್ದಿದ ಆ ತಾಯಿ, ಕೀಲಿಮಣೆಯ ಬಾಣದ ಗುಂಡಿಯನ್ನು ಒಂದೊಂದೇ ಸಲ ಒತ್ತುತ್ತ ಅಕ್ಷರ ಅಕ್ಷರವಾಗಿ ಸಾಲನ್ನು ದಾಟಿಸಿದರು. ನಡುವೆ ಥಟ್ಟನೆ ನಿಂತರು.

“ಇಲ್ಲಿ ನೋಡ್ರಿ. ಗುಂಡಿ ಒತ್ತಿದ್ರೂ ಈ ಮಿಣುಕೋ ಗೆರಿ ಮುಂದ ಹೋಗವಲ್ದು. ಏನೋ ಕುಂತೈತಿ.”

ಕುಳಿತಿದ್ದದ್ದು ಕನ್ನಡದ್ದೇ ಸರಕು! ‘ನೋಟ್‌ಬುಕ್’ ಎಂದು ಬರೆಯುವಾಗ ಅಕ್ಷರಗಳು ಒಂದಕ್ಕೊಂದು ಒತ್ತಾಗಿ ಅಂಟದಂತೆ ನಡುವೆ ಒತ್ತುವ ಕಾಣದ ಅಕ್ಷರ. ಅವಸರದಲ್ಲಿ ಅದನ್ನು ಇಂಗ್ಲಿಷ್ ಸಾಲಿನೊಳಗೂ ಒತ್ತಿಬಿಟ್ಟಿದ್ದೆ. ಅಳಿಸಿದೆ, ಗೆರೆ ಮಾಯ. ಆನಂದದ ಭರದಲ್ಲಿ, ಪಕ್ಕದಲ್ಲಿ ಯಾರಿದ್ದಾರೆಂಬುದನ್ನೇ ಮರೆತು, ಸ್ಕ್ರಿಪ್ಟನ್ನು ಓಡಿಸಿದೆ. ಉಡಿ, ಕೂರಿಗಿ, ಬುತ್ತಿ, ಹಗೇವು… ಪರದೆಯ ತುಂಬ ಪದಗಳು ಅರ್ಥಸಮೇತ ಸಾಲುಗಟ್ಟಿದವು.

ಶಾಂತಕ್ಕೋರು ಪರದೆಯತ್ತ ಬಾಗಿದರು. “ಇವು ನನ್ನ ನೋಟ್‌ಬುಕ್ಕಿನ ಮಾತಲ್ಲೇನ್ರಿ?”

“ನಾಳೆತನಕ ನೀವು ನೋಡಬಾರದಿತ್ತರಿ,” ಎಂದೆ, ಕಳ್ಳ ಸಿಕ್ಕಿಬಿದ್ದಂತೆ.

“ನೋಡಿಲ್ಲಂತ ತಿಳೀರಿ.” ಕುರ್ಚಿ ಎಳೆದುಕೊಂಡು ಕುಳಿತರು. “ಆದ್ರ ಹಗೇವು ಅಂದ್ರ ಬರೇ ಕುಣಿ ಅಂತ ಬರದೀರಿ. ಕಾಳು ತುಂಬಿಡೋ ನೆಲದೊಳಗಿನ ಕುಣಿ ಅಂತ ಹಾಕ್ರಿ. ಆ ಮಾತು ನಮ್ಮವ್ವ ಹೇಳಿದ್ದು.”

ಮಧ್ಯಾಹ್ನದೊಳಗೆ ಇಬ್ಬರೂ ಇಡೀ ಪುಸ್ತಕ ತಿದ್ದಿ ಕಳಿಸಿದೆವು.

ಮರುದಿನ ವೇದಿಕೆಯ ಮೇಲೆ ಪುಸ್ತಕ ಕೈಗೆ ಬಂದಾಗ, “ಯವ್ವಾ! ಇದನ್ನ ಯಾವಾಗ ಮಾಡಿದ್ರಿ?” ಎಂದು ಅವರು ಎದೆಯ ಮೇಲೆ ಕೈಯಿಟ್ಟು ಬೆರಗಾದ ಪರಿಗೆ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಹೆಡ್‌ಮಾಸ್ತರರು ನನ್ನ ಕಿವಿಯಲ್ಲಿ, “ಗುಟ್ಟು ಭಾಳ ಚೊಲೊ ಕಾದ್ರಿ ಸರ” ಎಂದರು. ನಾನು ಅತ್ಯಂತ ವಿನಯದಿಂದ ತಲೆಬಾಗಿದೆ.