ಬೆಚ್ಚಗಿನ ಚೀಲ

ತನ್ನ ಮನೆಯ ಮೊಳಕೆಗೋಧಿ ಕೆಡುವುದಕ್ಕಿಂತ ಮೊದಲು ಕೋಚ್ಕೋರ್ ಕಣಿವೆಯ ಬೆಟ್ಟಗಳು ಹಳಸುತ್ತವೆ ಎಂದು ಬುರ್ಮಾಕಾನ್ ಹೇಳುತ್ತಿದ್ದಳು. ಹೇಳುವ ಹಕ್ಕೂ ಅವಳಿಗಿತ್ತು. ಬರಗಿನ ಗಂಜಿಗೆ ಮೊಳಕೆಗೋಧಿ ಬೆರೆಸಿ, ಹುಳಿ ಬರಿಸಿ ಅವಳು ಸೋಸಿದ ಬೋಜೋ ಎಂಬ ಮದ್ಯವನ್ನು ಎರಡು ಬಟ್ಟಲು ಕುಡಿದ ಪಶುವೈದ್ಯನೊಬ್ಬ ತನ್ನ ಕುದುರೆಗೆ ಸಲಾಂ ಹೇಳಿ, ಅದನ್ನು ಒಳಗೆ ಒಲೆಯ ಪಕ್ಕ ಬಿಟ್ಟು, ತಾನು ಹೊರಗೆ ಗೂಟದ ಹತ್ತಿರ ಬೆಳಗು ಮಾಡಿದ. ಕುದುರೆಯೇನೂ ಬೇಸರ ಮಾಡಿಕೊಳ್ಳಲಿಲ್ಲವಂತೆ.

ಅವಳ ಮೂಗಿನ ಮಾತೇ ಬೇರೆ. ಸುಗ್ಗಿ ಮುಗಿದರೆ ಸಾಕು, ಊರ ಹೆಂಗಸರು ತಂತಮ್ಮ ಮೊಳಕೆಕಾಳನ್ನು ತಲೆವಸ್ತ್ರದ ತುದಿಗೆ ಗಂಟು ಹಾಕಿಕೊಂಡು ಅವಳ ಬಾಗಿಲಿಗೆ ಬರುತ್ತಿದ್ದರು. ಬುರ್ಮಾಕಾನ್ ಮೂಸುತ್ತಿದ್ದಳು, ತೀರ್ಪು ಕೊಡುತ್ತಿದ್ದಳು. ಇದು ಹಂಡೆಗೆ. ಇದು ದನಕ್ಕೆ. ಬೂಷ್ಟು ಹಿಡಿದದ್ದಾದರೆ ದನಕ್ಕೂ ಬೇಡ, ಹಿಮಕ್ಕೆ. ಆ ತೀರ್ಪಿನ ಮೇಲೆ ಅಪೀಲು ಹೋಗಲು ಯಾವ ಕೋರ್ಟೂ ಇರಲಿಲ್ಲ.

ಬೇಯಿಸುವುದು, ಸೋಸುವುದು ಅವಳದು. ಮೊಳಕೆ ಬರಿಸುವುದು ಗಂಡ ಓಸ್ಕೋನ್‌ನದು. ಟ್ರ್ಯಾಕ್ಟರ್ ನಿಲ್ಲಿಸಿ ಬಂದವನು ಗೋಧಿ ನೆನೆಸಿ, ಕಂಬಳಿ ಹೊದಿಸಿ, ಎಳೆಗೂಸನ್ನು ನೋಡಿದ ಹಾಗೆ ಗಳಿಗೆಗೊಮ್ಮೆ ಇಣುಕುತ್ತಿದ್ದ. ಕೊನೆಯ ಸಲ ಮೊಳಕೆ ಒಡೆದ ಕಾಳನ್ನು ಒಣಗಲು ಹರಡಿ, ಟೋಪಿ ಸರಿ ಮಾಡಿಕೊಂಡು ಗೋಡೆಗೆ ಒರಗಿದ. ಮತ್ತೆ ಏಳಲಿಲ್ಲ.

ಸಾವಿನ ಮನೆಗೆ ನೆರೆದ ಹೆಂಗಸರು ಓಡಾಡಲು ಜಾಗವಿಲ್ಲವೆಂದು ಆ ಅರೆಬರೆ ಒಣಗಿದ ಕಾಳನ್ನು ಗುಡಿಸಿ, ಚೀಲಕ್ಕೆ ತುಂಬಿ, ಬಾಯಿ ಬಿಗಿದು ಉಗ್ರಾಣದ ಮೂಲೆಗೆ ತಳ್ಳಿದರು. ಬುರ್ಮಾಕಾನ್ ಅದನ್ನು ನೋಡಲಿಲ್ಲ. ವಿಧವೆಯಾದವಳು ಕೂರಬೇಕಾದಂತೆ ಗೋಡೆಗೆ ಮುಖ ಮಾಡಿ ಶೋಕದ ಹಾಡು ಹೇಳುತ್ತ ಕೂತಿದ್ದಳು. ತೊಳೆದವರು ಗಂಡಸರು, ಹೊತ್ತವರು ಗಂಡಸರು. ಅವನ ಮೈ ತಣ್ಣಗಾದದ್ದು ಅವಳ ಕೈಗೆ ಗೊತ್ತೇ ಆಗಲಿಲ್ಲ.

ಸಾವಿನ ನಲವತ್ತನೇ ದಿನದ ಊಟ ಮುಗಿದ ಮೇಲೆ ಒಂದು ಸಂಜೆ ಉಗ್ರಾಣಕ್ಕೆ ಹೋದವಳು ಕತ್ತಲಲ್ಲಿ ಚೀಲದ ಮೇಲೆ ಕೈಯಿಟ್ಟಳು. ಹೊರಗೆ ಉಗುಳಿದರೆ ನೆಲಕ್ಕೆ ಬೀಳುವಷ್ಟರಲ್ಲಿ ಕಲ್ಲಾಗುವ ಚಳಿ. ಚೀಲ ಮಾತ್ರ ಬೆಚ್ಚಗಿತ್ತು. ಪಕ್ಕದಲ್ಲಿ ಮಲಗಿದವನ ಬೆನ್ನು ಇರುತ್ತದಲ್ಲ, ಅಷ್ಟೇ ಬೆಚ್ಚಗೆ. ಒಳಗಿನಿಂದ ಸಣ್ಣಗೆ ಸರಸರ ಎಂದಿತು, ಮಾತಾಡುವ ಮುನ್ನ ಗಂಟಲು ಸರಿಮಾಡಿಕೊಳ್ಳುವವರ ಹಾಗೆ.

ಅವಳು ಕಿರುಚಲಿಲ್ಲ. ಅದಕ್ಕೆ ಬೆನ್ನು ಕೊಟ್ಟು ಕೂತಳು. ಆಮೇಲೆ ಅದೇ ಅಭ್ಯಾಸವಾಯಿತು. ಚಹದ ಬಟ್ಟಲು ಹಿಡಿದು ಹೋಗಿ ಒರಗುವಳು; ಹಸು ಗಬ್ಬವಾಯಿತು, ಮೈದುನ ಶಾರ್ಶೇನ್ ಟ್ರ್ಯಾಕ್ಟರನ್ನು ಮತ್ತೆ ಬೇಲಿಗೆ ಗುದ್ದಿದ ಎಂದು ಊರ ಸುದ್ದಿಯೆಲ್ಲ ಒಪ್ಪಿಸುವಳು. ಚೀಲ ಆಗಾಗ ಸರಸರ ಎನ್ನುತ್ತಿತ್ತು. ಬೆಕ್ಕು ಉಗ್ರಾಣದ ಹೊಸಲು ದಾಟುವುದನ್ನು ಬಿಟ್ಟಿತು. ಆ ಚೀಲದಷ್ಟು ಗಮನವಿಟ್ಟು ಓಸ್ಕೋನ್ ಬದುಕಿದ್ದಾಗಲೂ ಕೇಳಿದವನಲ್ಲ.

ಪಕ್ಕದ ಮನೆಯ ಕುಲೀಪಾ ಜರಡಿ ಕೇಳಲು ಬಂದವಳು ಹೊಸಲಲ್ಲೇ ನಿಂತಳು.

“ಅಕ್ಕಾ, ನಿಮ್ಮ ಉಗ್ರಾಣದಲ್ಲಿ ಏನೋ ಮುಗ್ಗಲು ವಾಸ್ನೆ.”

“ನಿನ್ನ ಮೂಗಿಗೆ ನೆಗಡಿ ಕಣೆ. ಹೋಗು, ಮೊದ್ಲು ನಿನ್ನ ಗಂಡನ ಕಾಲುಚೀಲ ಒಗಿ.”

ಚಳಿಗಾಲದ ಜೋರೋ ಕೂಟ ಆ ಹೊತ್ತಿಗೆ ಶುರುವಾಗಿತ್ತು. ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಕೂತು ಬೋಜೋ ಕುಡಿಯುವುದು, ಹಾಡುವುದು, ಕೆಟ್ಟ ಬೋಜೋ ಬಡಿಸಿದವರಿಗೆ ದಂಡ ಹಾಕುವುದು. ಕೂಟದ ಯಜಮಾನ ಶಾರ್ಶೇನ್. ಓಸ್ಕೋನ್‌ನ ಸರದಿ ಈ ವರ್ಷ ಬಿಟ್ಟುಬಿಡೋಣ ಎಂದು ಅವನು ಮೆಲ್ಲಗೆ ಹೇಳಿದಾಗ ಬುರ್ಮಾಕಾನ್ ಕೇಳಲಿಲ್ಲ. ಗಂಡನ ಸರದಿ ಗಂಡನದೇ, ಅವರ ಕೈಯ ಕಾಳಿನಲ್ಲೇ ಬೋಜೋ ಆಗುತ್ತದೆ, ಬನ್ನಿ ಎಂದು ಊರಿಗೆಲ್ಲ ಕೇಳುವಂತೆ ಹೇಳಿ ಬಂದಳು.

ಬರಗು ಬೆಂದು ಹಂಡೆಯಲ್ಲಿ ಆರತೊಡಗಿತು. ಕುಲೀಪಾ ಕಟ್ಟಿಗೆ ಒಟ್ಟುತ್ತಿದ್ದಳು. ಬುರ್ಮಾಕಾನ್ ಚೀಲವನ್ನು ಬೆಳಕಿಗೆ ಎಳೆತಂದು ಬಾಯಿ ಬಿಚ್ಚಿದಳು. ಹಬೆ ಎದ್ದು ಮುಖಕ್ಕೆ ಬಡಿಯಿತು, ಯಾರೋ ಎದುರಿಗೆ ನಿಂತು ಉಸಿರು ಬಿಟ್ಟ ಹಾಗೆ. ಕಾಳೆಲ್ಲ ಹಸಿರು, ಕಪ್ಪು, ಒಂದಕ್ಕೊಂದು ಅಂಟಿ ಹೆಪ್ಪುಗಟ್ಟಿತ್ತು. ಸರಸರ ಎಂದದ್ದು ಹುಳ. ನಲವತ್ತು ಹೆಂಗಸರ ಕಾಳಿಗೆ ಶಿಕ್ಷೆ ಬರೆದ ಮೂಗು ಈಗ ಅವಳನ್ನೇ ಕಟಕಟೆಯಲ್ಲಿ ನಿಲ್ಲಿಸಿತ್ತು. ಒಂದು ಹಿಡಿ ಎತ್ತಿಕೊಂಡು ಹಂಡೆಯ ಮೇಲೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು.

ಕುಲೀಪಾ ಅವಳ ಮಣಿಕಟ್ಟು ಹಿಡಿದಳು. “ಅಕ್ಕಾ, ಇದನ್ನ ಕುಡಿದ್ರೆ ಜನ ಸಾಯ್ತಾರೆ.”

“ಗೊತ್ತು. ಚೆಲ್ಲಿದ್ರೆ ಇವರು ಇನ್ನೊಂದ್ಸಲ ಸಾಯ್ತಾರೆ.”

ಕೈ ಮಾತ್ರ ಹಂಡೆಯಿಂದ ಹಿಂದೆ ಸರಿಯಿತು. ಕುಲೀಪಾ ತನ್ನ ಮನೆಯ ಕಾಳು ತರಲು ಓಡಿದಳು. ಬುರ್ಮಾಕಾನ್ ಚೀಲವನ್ನು ತಾನೊಬ್ಬಳೇ ಹಿತ್ತಿಲಿಗೆ ಎಳೆದು ಹಿಮದ ಮೇಲೆ ಸುರಿದಳು. ಹಿಮ ಕರಗಿ ರಾಶಿ ಸದ್ದಿಲ್ಲದೆ ಕೆಳಗಿಳಿಯಿತು, ಒಬ್ಬ ಮನುಷ್ಯ ಮಲಗುವಷ್ಟು ಉದ್ದದ ಗುಂಡಿಯಾಯಿತು. ಹಸಿದ ನಾಯಿಗಳು ಬಂದವು, ಮೂಸಲಿಲ್ಲ, ಬಾಲ ಮುದುರಿ ಹಿಂದೆ ಹೋದವು. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ರಾಶಿಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಹಬೆ ತೆಳ್ಳಗಾಯಿತು, ನಿಂತಿತು. ಕೈಯ ಕೆಳಗೆ ಅವನು ತಣ್ಣಗಾಗುವುದನ್ನು ಕೊನೆಯವರೆಗೂ ನೋಡಿಯೇ ಎದ್ದಳು.

ಬೋಜೋ ಹುಳಿ ಬಂದ ಮೇಲೆ ಕೂಟ ಸೇರಿತು. ಓಸ್ಕೋನ್ ಕೂರುತ್ತಿದ್ದ ಜಾಗವನ್ನು ಯಾರೂ ತುಳಿಯಲಿಲ್ಲ. ಮೊದಲ ಬಟ್ಟಲಿಗೇ ಹೊಗಳಿಕೆ ಶುರು: ಇದು ಅವನ ಕೈಯೇ, ಇಂಥ ಕಾಳು ಇನ್ಯಾರಿಂದಾದೀತು. ಒಬ್ಬ ಅತ್ತ. ಬುರ್ಮಾಕಾನ್ ಬಾಯಿ ಬಿಡದಿದ್ದರೆ ಸಾಕಿತ್ತು, ಓಸ್ಕೋನ್ ಆ ಕಣಿವೆಯಲ್ಲಿ ಇನ್ನೂ ನೂರು ಚಳಿಗಾಲ ಬದುಕುತ್ತಿದ್ದ. ಅವಳು ಸೌಟು ಹಿಡಿದು ಬಡಿಸುತ್ತಲೇ ಇದ್ದಳು. ಮೂರನೇ ಬಟ್ಟಲಿಗೆ ಶಾರ್ಶೇನ್ ಖಾಲಿ ಜಾಗದ ಕಡೆ ತಿರುಗಿದ.

“ನೋಡಿ ಅತ್ತಿಗೆ, ಅಣ್ಣ ಎಲ್ಲೂ ಹೋಗಿಲ್ಲ. ಇಲ್ಲೇ ಕೂತಿದ್ದಾನೆ.”

ದೀಪ ಅಲುಗಿತು. ಎಲ್ಲರೂ ಆ ಕಡೆ ನೋಡಿದರು. ಇಬ್ಬರು ಸ್ವಲ್ಪ ಸರಿದು ಕೂತರು.

“ಇದು ಕುಲೀಪಾ ಮನೆ ಕಾಳು,” ಎಂದಳು ಅವಳು. “ನಿಮ್ಮಣ್ಣನ ಕಾಳು ಬೂಷ್ಟು ಹಿಡಿದಿತ್ತು. ನಾನೇ ಚೆಲ್ಲಿ ಬಂದೆ.”

ಯಾರೂ ಬಟ್ಟಲು ಎತ್ತಲಿಲ್ಲ. ಶಾರ್ಶೇನ್‌ನ ದನಿ ಚಿಕ್ಕ ಹುಡುಗನದಾಗಿತ್ತು. “ಹಂಗಾದ್ರೆ ಅಣ್ಣ ಇಲ್ಲಿ ಇಲ್ವಾ, ಅತ್ತಿಗೆ?”

ಬುರ್ಮಾಕಾನ್ ಅವನ ಬಟ್ಟಲು ತೆಗೆದುಕೊಂಡು ತುಂಬಿಸಿ ಮುಂದಿಟ್ಟಳು.

“ಅವರು ಇದ್ದಿದ್ರೆ ಹಂಡೆ ಇಷ್ಟೊತ್ತಿಗೆ ಬರಿದಾಗಿರ್ತಿತ್ತು. ನಿಂಗೆ ನಾಲ್ಕನೇದು ಎಲ್ಲಿಂದ ಸಿಗ್ತಿತ್ತು, ಮೈದುನಾ?”