ಕೂಗುವ ಚರಕಿ ತರಲು ಸಿಂಧನೂರಿಗೆ

ದೀಪಾವಳಿ ರಜೆಯ ಎರಡನೆಯ ದಿನ ಲಿಂಗಸುಗೂರಿನಿಂದ ಮೊದಲ ಬಸ್ಸಿಗೆ ಹೊರಟೆ. ಹೋಗಬೇಕಾದದ್ದು ಸಿಂಧನೂರಿಗೆ, ತರಬೇಕಾದದ್ದು ಮೀನು ಹಿಡಿಯುವವರು ದಾರ ಸುತ್ತುವ ಒಂದು ಚರಕಿ. ಮಸ್ಕಿಯಲ್ಲಿ ದರ್ಜಿಯಾಗಿದ್ದ ನಮ್ಮ ಮಾವನವರಿಗೆ ಎರಡು ವರ್ಷದಿಂದ ಕಣ್ಣು ಮಂಜು. ಸೂಜಿ ಬಿಟ್ಟದ್ದಕ್ಕೆ ಅವರು ಅಷ್ಟು ಕೊರಗಲಿಲ್ಲ. ನೀರಿನ ಮೇಲಿನ ಬೆಂಡು ಕಾಣದೆ ಗಾಳವನ್ನು ಮೂಲೆಗಿಟ್ಟರಲ್ಲ, ಅದಕ್ಕೆ ಕೊರಗಿದರು. ಮೀನು ಎಳೆದರೆ ಕೂಗುವ ಚರಕಿಯನ್ನು ಸಿಂಧನೂರಿನ ಖಾಸಿಂಸಾಬರು ಮಾಡುತ್ತಾರೆಂದು ಕೇಳಿದ್ದೇ ತಡ, ಕಾರ್ಡು ಬರೆದುಬಿಟ್ಟೆ. ನಾನು ಶಾಲೆಯ ಮಾಸ್ತರ. ಮೀನು ಹಿಡಿಯುವುದು ಗೊತ್ತಿಲ್ಲ, ತಿನ್ನುವುದು ಚೆನ್ನಾಗಿ ಗೊತ್ತು.

ಮಸ್ಕಿ ದಾಟಿದ ಮೇಲೆ ದಾರಿಯುದ್ದಕ್ಕೂ ಎರೆಹೊಲ, ಮೊಣಕಾಲೆತ್ತರದ ಬಿಳಿಜೋಳ, ಅಲ್ಲಲ್ಲಿ ಕಾಲುವೆ ತೋಡುವವರ ಗುಡಿಸಲು. ಧೂಳಿಗೆ ನನ್ನ ಬಿಳಿ ಧೋತರ ಕಾವಿಯಾಯಿತು. ಸಿಂಧನೂರಿನಲ್ಲಿ ಇಳಿದವನೇ ಮಂಡಕ್ಕಿ ವಗ್ಗರಣಿ, ಎರಡು ಮಿರ್ಚಿ ತಿಂದು ಖಾಸಿಂಸಾಬರ ಅಂಗಡಿ ಹುಡುಕಿದೆ.

ಅವರು ತೊಟ್ಟಿಲ ಕಾಲು ಕಡೆಯುವವರು. ಕಮಾನಿನ ಹಗ್ಗದಿಂದ ತಿರುಗಿಸಿ ಕಡೆದ ಸಾಗುವಾನಿಯ ಗಾಲಿ ಆಗಲೇ ಸಿದ್ಧವಿತ್ತು. ಅದರ ಪಕ್ಕಕ್ಕೆ ಹಲ್ಲಿನ ಬಿಲ್ಲೆ. ಹಲ್ಲಿಗೆ ತಾಗುವಂತೆ ಎಮ್ಮೆ ಕೋಡಿನ ತೆಳು ನಾಲಿಗೆ. ಕೂಗೆಲ್ಲ ಆ ನಾಲಿಗೆಯದೇ. ಸಾಬರು ಕಣ್ಣು ಮುಚ್ಚಿ ತಿರುಗಿಸಿದರು, ಕೇಳಿದರು, ಚೂರು ಹೆರೆದರು, ಮತ್ತೆ ತಿರುಗಿಸಿದರು.

"ನೀವೂ ಕಣ್ಣು ಮುಚ್ಚರಿ ಮಾಸ್ತರ. ಹಿಡಿಯಾವರಿಗೆ ಕಣ್ಣು ಕಾಣಂಗಿಲ್ಲಂದ್ರ ನಾವೂ ಹಂಗ ಕೇಳಬೇಕು."

ಐದನೆಯ ಸಲ ಹೆರೆದಾಗ ಅದು 'ಕರ್ರ್' ಎಂದು ಎಂಥ ಗಟ್ಟಿ ಕೂಗು ಹಾಕಿತೆಂದರೆ, ಎದುರಂಗಡಿಯ ಮುದುಕ ಹೊರಗೆ ಬಂದು ನೋಡಿದ. ನನಗೋ ಕುಣಿಯುವಷ್ಟು ಖುಷಿ.

ಆ ಖುಷಿಯೇ ಎಡವಟ್ಟಾಯಿತು. ಮಸ್ಕಿಗೆ ಮರಳುವ ಬಸ್ಸಿನಲ್ಲಿ ಡ್ರೈವರನ ಹಿಂದೆಯೇ ಕುಳಿತಿದ್ದೆ. ತಡೆಯಲಾರದೆ ಒಮ್ಮೆ ಜೋರಾಗಿ ತಿರುಗಿಸಿದೆ. ಡ್ರೈವರ್ ಗಕ್ಕನೆ ಬ್ರೇಕು ಹಾಕಿದ.

"ಗೇರ್ ಹೋತಲೇ!" ಎಂದು ಇಳಿದು ಬಾನೆಟ್ಟು ತೆಗೆದ. ಎಲ್ಲರೂ ಇಳಿದರು. ಅವನು ಗಾಡಿಯ ಕೆಳಗೆ ತೆವಳಿದ. ಚರಕಿ ಮತ್ತೆ ಕೂಗದಿರಲೆಂದು ಹೆಗಲ ಮೇಲಿನ ವಲ್ಲಿಯ ತುದಿಯನ್ನು ಅದರೊಳಗೆ ತುರುಕಿದೆ. ಚಟ್ಟೆಂದಿತು. ನಾಲಿಗೆ ಮುರಿದಿತ್ತು.

ಮಾವನವರು ಹೊಸ ಚರಕಿಯನ್ನು ಬೆರಳಿನಿಂದ ತಡವಿ ನೋಡಿದರು. ಮುರಿದ ಜಾಗಕ್ಕೆ ಬಂದು ಬೆರಳು ನಿಂತಿತು. "ಇರ್ಲಿ ಬಿಡ್ರಿ ಅಳಿಯಾರ. ಬ್ಯಾಸಗಿ ಸೂಟ್ಯಾಗ ಹೊಳ್ಳಿ ಸಿಂಧನೂರಿಗೆ ಹೋದರಾತು" ಎಂದರು. ನಗಲಿಕ್ಕೆ ನೋಡಿದರು, ಆಗಲಿಲ್ಲ. ನನಗೆ ನಾಚಿಕೆಯಿಂದ ನೆಲ ಸೇರುವಂತಾಯಿತು.

ಅತ್ತೆಯವರು ಆ ಗಾಳದ ಜೊತೆ ಮೂವತ್ತು ವರ್ಷ ಜಗಳಾಡಿದವರು. ಒಳಗೆ ಹೋಗಿ ತಮ್ಮ ಕೋಡಿನ ಬಾಚಣಿಗೆ ತಂದರು. ತವರಿನಿಂದ ಬಂದದ್ದು. ಅದರ ಅಂಚಿನ ದಪ್ಪ ಹಲ್ಲನ್ನು ಮುರಿದು ಮಾವನವರ ಅಂಗೈಯಲ್ಲಿಟ್ಟರು.

"ಎರಡು ವರ್ಸ ಮನ್ಯಾಗ ಕುಂತು ನನ್ನ ತಲಿ ತಿಂದಾರ. ಹಳ್ಳಕ್ಕರ ಹೋಗಲಿ!"

ಸಂಜೆಯೆಲ್ಲ ಅದನ್ನು ಹೆರೆದು ನಾಲಿಗೆಯ ಜಾಗದಲ್ಲಿ ಕೂರಿಸಿದೆವು. ಮೂವರೂ ಕಣ್ಣು ಮುಚ್ಚಿ ಕೇಳಿದೆವು. ಖಾಸಿಂಸಾಬರು ಮಾಡಿದ್ದರಷ್ಟು ಗಟ್ಟಿಯಲ್ಲದಿದ್ದರೂ ಕೂಗಿತು. ಮೀನಿಗೆ ಅದನ್ನು ಕೂಗಿಸುವ ಮನಸ್ಸಿದೆಯೋ ಇಲ್ಲವೋ ಎಂಬುದಷ್ಟೇ ಉಳಿಯಿತು.

ಮರುದಿನ ನಾನು ಬಸ್ಸು ಹತ್ತುವ ಮೊದಲೇ ಗಂಡಹೆಂಡತಿ ಹಳ್ಳಕ್ಕೆ ಹೋಗಿದ್ದರು. ಬಸ್ಸಿಗೆ ನಿನ್ನೆಯವನೇ ಡ್ರೈವರ್. ಇಂಜಿನ್ನಿಗೆ ನೀರು ಹಾಕಲು ಹಳ್ಳದ ಬಳಿ ಗಾಡಿ ನಿಲ್ಲಿಸಿದ. ಡಬ್ಬಿ ಎತ್ತಿದ್ದನಷ್ಟೇ, 'ಕರ್ರ್!' ಎಂದಿತು.

"ಯವ್ವಾ, ಮತ್ತ ಬಂತಲ್ಲಪ!" ಎಂದು ಡಬ್ಬಿ ಎಸೆದು ಗಾಡಿಯ ಕೆಳಗೆ ಬಗ್ಗಿದ.

ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿದೆ. ಮಡುವಿನ ಆಚೆ ದಂಡೆಯಲ್ಲಿ ಮಾವನವರ ಬಿದಿರು ಗಳ ಬಿಲ್ಲಿನಂತೆ ಬಾಗಿತ್ತು. ಅತ್ತೆಯವರು ಸೆರಗು ಸೊಂಟಕ್ಕೆ ಕಟ್ಟಿ ನೀರಿಗೇ ಇಳಿದಿದ್ದರು.

"ಏಳ್ರಿ ಡ್ರೈವರ್ ಸಾಬ್, ಗಾಡಿ ಚಲೋ ಐತಿ!" ಎಂದು ಕೂಗಿದೆ. "ಅದು ನಮ್ಮ ಮಾವಂದು!"